ಆಯುಧಪೂಜೆ ಮುಗಿದ ಮೇಲೆ ಮುನಿದ ಸರ್ವರ್

ಹೋದ ವರ್ಷ ದಸರಾ ರಜೆ ಮುಗಿದು ಹನೂರಿನ ನಮ್ಮ ಕಂಪ್ಯೂಟರ್ ತರಬೇತಿ ಕೇಂದ್ರ ಬಾಗಿಲು ತೆರೆದ ದಿನವೇ ಕೊನೆಯ ಪರೀಕ್ಷೆಯಿತ್ತು. ನಾನು ಅಲ್ಲಿನ ಬೋಧಕಿ. ಪರೀಕ್ಷೆಗೆ ಪ್ರತಿಯೊಬ್ಬರಿಗೂ ಸರ್ವರ್‌ನೊಳಗೇ ಒಂದೊಂದು ಹೊಸ ವರ್ಚುವಲ್ ಕಂಪ್ಯೂಟರ್ ಮಾಡಿಕೊಡಬೇಕು. ಮುಖ್ಯ ಕಚೇರಿಯಿಂದ ಬರುವ, ಇಮೇಜ್ ಎನ್ನುವ ಒಂದೇ ಮಾದರಿ ಫೈಲಿನಿಂದ, ಅಚ್ಚಿನಿಂದ ಇಟ್ಟಿಗೆ ತೆಗೆದ ಹಾಗೆ, ಅವೆಲ್ಲ ತಯಾರಾಗುತ್ತವೆ. ಬಟನ್ ಒತ್ತಿದೆ. ಫೇಲ್. ಮತ್ತೆ ಒತ್ತಿದೆ, ಮತ್ತೆ ಫೇಲ್.

"ಮೇಡಂ, ಮೂರು ಗಂಟೆ ಬಸ್ ತಪ್ಪುದ್ರೆ ಇವತ್ತು ಊರು ಸೇರಕ್ಕಾಗಲ್ಲ" ಎಂದಳು ಗೋಪಿನಾಥಂನಿಂದ ಬಂದಿದ್ದ ಸೆಲ್ವಿ. ಪರೀಕ್ಷೆ ತಪ್ಪಿದರೆ ಅವಳಿಗೆ ಸರ್ಟಿಫಿಕೇಟ್ ಇಲ್ಲ, ಕೊಳ್ಳೇಗಾಲದಲ್ಲಿ ಅವಳಿಗಾಗಿ ಕಾದಿದ್ದ ಕೆಲಸವೂ ಇಲ್ಲ.

ಡಿಸ್ಕಿನಲ್ಲಿ ಬೇಕಾದಷ್ಟು ಜಾಗವಿತ್ತು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ವಿಚಿತ್ರವೆಂದರೆ ರಜೆಗೆ ಮುಂಚೆ ಮಾಡಿಟ್ಟ ಹಳೆಯ ವರ್ಚುವಲ್ ಕಂಪ್ಯೂಟರ್‌ಗಳು ಸಲೀಸಾಗಿ ಓಡುತ್ತಿದ್ದವು, ಹೊಸದು ಮಾತ್ರ ಹುಟ್ಟುತ್ತಿರಲಿಲ್ಲ. ನನಗೆ ಭಯಕ್ಕಿಂತ ಕುತೂಹಲವೇ ಜಾಸ್ತಿಯಾಯಿತು. ರಜೆಯಲ್ಲಿ ಇದಕ್ಕೇನಾಯಿತು?

ನಮ್ಮ ಅಟೆಂಡರ್ ಮಾದೇವಣ್ಣನನ್ನು ಕೇಳಿದೆ. ಅವರ ಮುಖ ಸಣ್ಣಗಾಯಿತು.

"ಆಯುಧಪೂಜೆ ಅಲ್ವಾ ಮೇಡಂ, ಪ್ಲಗ್ ಕಿತ್ತು, ಒರೆಸಿ, ಕುಂಕುಮ ಇಟ್ಟೆ. ಅದ್ಕೂ ರೆಸ್ಟು ಬ್ಯಾಡ್ವಾ ಅಂತ ಅಂಗೇ ಬುಟ್ಟಿದ್ದೆ. ಇವತ್ ಬೆಳಗ್ಗೆ ಆಕ್ದೆ. ಕುಂಕುಮ ಏನಾದ್ರೂ ಒಳಕ್ಕೋಯ್ತಾ?"

ಪಾಪ, ಬಟ್ಟೆ ಹಿಡಿದು ಒರೆಸಲು ಹೊರಟೇಬಿಟ್ಟರು. ಅವರನ್ನು ತಡೆದು ಸರ್ವರ್‌ನ ದಿನಚರಿಯಂಥ ಲಾಗ್ ತೆರೆದೆ. ಪ್ರತಿ ದೋಷದ ಪಕ್ಕದಲ್ಲೂ ನಮ್ಮ ಕೇಂದ್ರವೇ ಶುರುವಾಗಿರದ ಕಾಲದ ತಾರೀಕು! ನಾನು ಜೋರಾಗಿ ನಕ್ಕುಬಿಟ್ಟೆ. ಕರೆಂಟ್ ಇಲ್ಲದಾಗ ಸರ್ವರ್ ಗಡಿಯಾರವನ್ನು ನಡೆಸುವ ಒಳಗಿನ ಪುಟ್ಟ ಸೆಲ್ ಯಾವಾಗಲೋ ಸತ್ತಿತ್ತು. ಪ್ಲಗ್ ಕೀಳುವ ತನಕ ಅದು ಯಾರಿಗೂ ಗೊತ್ತಾಗಿರಲಿಲ್ಲ. ಕಿತ್ತಿದ್ದೇ ತಡ, ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿತ್ತು. ಇಮೇಜಿನ ಜೊತೆ ಬರುವ ಡಿಜಿಟಲ್ ಭದ್ರತಾ ಪತ್ರ ಈಚಿನದು. ನಮ್ಮ ಸರ್ವರ್ ಪಾಲಿಗೆ ಆ ಪತ್ರ ಜಾರಿಗೆ ಬರುವ ದಿನ ಇನ್ನೂ ಬಂದೇ ಇರಲಿಲ್ಲ. ಹಾಗಾಗಿ ನಂಬದೆ ವಾಪಸ್ ಕಳಿಸುತ್ತಿತ್ತು.

ಗಡಿಯಾರ ಸರಿಮಾಡಿ ಬಟನ್ ಒತ್ತಿದೆ. ಪರದೆಯ ಮೇಲೆ ಒಂದೊಂದಾಗಿ ಹಸಿರು ಗುರುತು ಮೂಡಿತು. ಸೆಲ್ವಿ ಪರೀಕ್ಷೆ ಬರೆದು ಬಸ್ಸಿಗೆ ಓಡಿದಳು. ಈಗ ಕೊಳ್ಳೇಗಾಲದಲ್ಲಿ ಕೆಲಸದಲ್ಲಿದ್ದಾಳೆ.

ಮರುದಿನವೇ ನಾನು ಸೆಲ್ ಬದಲಿಸಿದ್ದೆ. ಆದರೂ ಈ ವರ್ಷದ ಪೂಜೆಗೆ ಮಾದೇವಣ್ಣ ತಂದ ತಟ್ಟೆಯಲ್ಲಿ ಹೂವು, ಅರಿಸಿನ, ಕುಂಕುಮದ ನಡುವೆ ವಾಚ್ ಅಂಗಡಿಯ ಹೊಸ ಸೆಲ್ ಒಂದಿತ್ತು.

"ಇದ್ನೂ ಆಕ್ಬುಡಿ ಮೇಡಂ. ರೆಸ್ಟ್ ತಕಂಡ್ರೂ ಯಾವ ವರ್ಸ ಅಂತ ಗ್ಯಾನ ಇರ್ಲಿ."

ಹೋದ ವರ್ಷ ಹಾಕಿದ್ದು ಚೆನ್ನಾಗಿಯೇ ಇದೆ ಎನ್ನಲು ಮನಸ್ಸು ಬರಲಿಲ್ಲ. ಸೆಲ್ಲಿಗೂ ಚಿಟಿಕೆ ಕುಂಕುಮ ಸೋಕಿಸಿ, ಒರೆಸಿ, ಒಳಗೆ ಕೂರಿಸಿದೆ.