ಇದು ತಾಲೀಮಲ್ಲ

ನನ್ನ ಕೆಲಸ ಏನೆಂದು ಅಮ್ಮನಿಗೆ ವಿವರಿಸಿ ಸೋತಿದ್ದೇನೆ. ಸೇನೆ, ವಾಯುಪಡೆ, ಪೊಲೀಸ್, ಅಗ್ನಿಶಾಮಕ, ಆಸ್ಪತ್ರೆ ಎಲ್ಲ ಸೇರಿ ರಕ್ಷಣಾ ತಾಲೀಮು ನಡೆಸುವಾಗ, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೂ ತಿಳಿದಿದೆಯೇ ಎಂದು ಅಳೆಯುವವಳು ನಾನು. "ಅವ್ರಿಗೆ ಗೊತ್ತಿರೋದು ಇವ್ರಿಗೆ ಗೊತ್ತಾ ಅಂತ ಕೇಳಕ್ಕೂ ಸಂಬ್ಳ ಕೊಡ್ತಾರೇನೇ?" ಎಂದು ಅಮ್ಮ ನಗುತ್ತಾಳೆ. ಸಿಟ್ಟು ಬರುತ್ತದೆ. ಆದರೆ ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ.

ಆ ಸಲ ತಾಲೀಮು ನಮ್ಮ ಮಧುಗಿರಿಯಲ್ಲೇ ಇತ್ತು. ಕಲ್ಯಾಣ ಮಂಟಪವೇ ನಿಯಂತ್ರಣ ಕೊಠಡಿ. ಊಟದ ಮೇಜುಗಳ ಮೇಲೆ ನಕ್ಷೆ, ಕಂಪ್ಯೂಟರ್ ಪರದೆ, ವೈರ್‌ಲೆಸ್ಸು, ಮೇಜಿಗೊಂದು ಇಲಾಖೆ. ಯಾರದೋ ಮದುವೆಯ ಹೂವಿನ ಕಮಾನು ಬಾಡಿಕೊಂಡು ನೇತಾಡುತ್ತಿತ್ತು. ತುಮಕೂರಿಗೆ ಹೋಗುವ ಕೊರಟಗೆರೆ ರಸ್ತೆಯನ್ನು ಸೇನೆಯ ಲಾರಿಗಳಿಗಾಗಿ ಮುಚ್ಚಿದ್ದರು.

ಅಳೆಯುವ ಕ್ರಮ ಹೀಗೆ: ನಡುವೆ ಯಾವಾಗಲೋ ನಾನು ಸೀಟಿ ಊದುತ್ತೇನೆ. ಎಲ್ಲರೂ ಪರದೆಗಳಿಗೆ ಬೆನ್ನು ಹಾಕಿ ಕೂರಬೇಕು, ಫೋನು ಮುಟ್ಟುವಂತಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಕೇಳುತ್ತೇನೆ, ಲಾರಿಗಳು ಈಗ ಎಲ್ಲಿವೆ ಎಂದು. ಅಂದು ಪೊಲೀಸರು ಬಾಯಲ್ಲೇ ಅವನ್ನು ಕೊರಟಗೆರೆ ತಲುಪಿಸಿದ್ದರು, ಆಸ್ಪತ್ರೆಯವರು ಶಿರಾಕ್ಕೆ ಕಳಿಸಿದ್ದರು. ಇಂಥವರನ್ನು ನಂಬಿ ಮಲಗುತ್ತೇವಲ್ಲ ಎಂದುಕೊಂಡೆ.

ಅಷ್ಟರಲ್ಲಿ ಆಸ್ಪತ್ರೆಯ ಮೇಜಿನ ಫೋನು ಬಡಿದುಕೊಳ್ಳತೊಡಗಿತು. ಬಿಡಲೇ ಇಲ್ಲ. ಅಲ್ಲಿ ಕೂತಿದ್ದ ನರ್ಸಮ್ಮ ನನ್ನತ್ತ ನೋಡಲೂ ಇಲ್ಲ, ಎತ್ತಿಬಿಟ್ಟರು. ನಾನು ಗದರಲು ಬಾಯಿ ತೆರೆಯುವ ಮೊದಲೇ ಎದ್ದು ನಿಂತು, "ಇದು ತಾಲೀಮಲ್ಲ" ಎಂದರು.

ನಮ್ಮಲ್ಲಿ ಆ ಮಾತನ್ನು ತಮಾಷೆಗೂ ಆಡುವಂತಿಲ್ಲ. ನಿಜವಾದ ಅಪಾಯಕ್ಕೆಂದೇ ಅದನ್ನು ಮೀಸಲಿಟ್ಟಿದ್ದೇವೆ. ಫೋನಿನಲ್ಲಿ ಬಂದ ಸುದ್ದಿ ಇದು: ನಾಗಲಮಡಿಕೆ ಕಡೆಯ ಬಸುರಿ, ರಕ್ತ ನಿಲ್ಲುತ್ತಿಲ್ಲ. ಆಂಬುಲೆನ್ಸು ಮಧುಗಿರಿ ದಾಟಿ ತುಮಕೂರಿಗೆ ಹೊರಟಿದೆ. ಮುಂದಿನ ದಾರಿಯ ತುಂಬ ನಮ್ಮ ಲಾರಿಗಳು.

ಯಾರೂ ನನ್ನ ಅಪ್ಪಣೆ ಕೇಳಲಿಲ್ಲ. ಪೊಲೀಸ್ ಅಧಿಕಾರಿ "ಅಡ್ಡಗಟ್ಟೆ ತೆಗೆ..." ಎನ್ನುವುದರೊಳಗೆ ಸೇನೆಯವರು ಲಾರಿಗಳನ್ನು ಹೊಲಕ್ಕಿಳಿಸಲು ಹೇಳುತ್ತಿದ್ದರು. ಬೆಟ್ಟದ ಮೇಲೆ ಸುತ್ತುತ್ತಿದ್ದ ವಾಯುಪಡೆಯ ಹೆಲಿಕಾಪ್ಟರಿನವರು ಆಂಬುಲೆನ್ಸ್ ಎಲ್ಲಿದೆಯೆಂದು ಹೇಳುತ್ತಲೇ ಇದ್ದರು, ಅದನ್ನು ನರ್ಸಮ್ಮ ತುಮಕೂರಿನ ಆಸ್ಪತ್ರೆಗೆ ಮುಟ್ಟಿಸುತ್ತಿದ್ದರು. ಒಬ್ಬರ ಮಾತು ಅರ್ಧಕ್ಕಿರುವಾಗಲೇ ಇನ್ನೊಬ್ಬರಿಗೆ ಉಳಿದರ್ಧ ತಿಳಿದುಬಿಡುತ್ತಿತ್ತು. ಇಷ್ಟು ವರ್ಷ ಅಳೆಯಲು ಹೆಣಗಿದ್ದನ್ನು ಕಣ್ಣಾರೆ ಕಂಡದ್ದು ಅಂದೇ.

ಕೊನೆಗೆ ತುಮಕೂರಿನಿಂದ ಆಂಬುಲೆನ್ಸಿನ ಡ್ರೈವರ್ ಫೋನು ಮಾಡಿದ. ನರ್ಸಮ್ಮ ಸ್ಪೀಕರ್ ಹಾಕಿದರು. ಅರ್ಧ ತೆಲುಗಿನ ಪಾವಗಡದ ಮಾತು: "ತಾಯಿ ಬಿಡ್ಡ ಇಬ್ರೂ ಉಳ್ಕೊಂಡ್ರು ಅಕ್ಕಾ! ಅಲ್ಲಾ, ಇವತ್ತು ರೋಡೇನು ಇಂಗೆ ಖಾಲಿ? ಮಿಲಿಟ್ರಿ ಲಾರಿ ಎಲ್ಲಾ ಹೊಲ್ದಾಗೆ ನಿಂತಿದ್ವು. ಊಟಕ್ಕೆ ಬುಟ್ಟಿದ್ರಾ?"

ನರ್ಸಮ್ಮ ಕಣ್ಣೊರೆಸಿಕೊಂಡು, "ಹೂಂ ಕಣಪ್ಪ, ಊಟದ ಟೈಮು" ಎಂದರು.

ತಾಲೀಮು ಮುಂದುವರಿಸಲು ನಾನು ಮತ್ತೆ ಸೀಟಿ ಊದಬೇಕಿತ್ತು. ಊದದೆ ಅದನ್ನು ಜೇಬಿಗಿಳಿಸಿದೆ.