ಮುಂದಿನ ಎಡಚಕ್ರದ ನಿಂಬೆಹಣ್ಣು

ಗೆಳೆಯರೇ, ಬಿಡಿಭಾಗಗಳ ಕಿಟ್ ತರಿಸಿ ನಾನೇ ಜೋಡಿಸಿದ ಪುಟ್ಟ ಕಾರು ಇವತ್ತು ಬೆಳಿಗ್ಗೆ ಚಾಮರಾಜಪೇಟೆಯ ನಮ್ಮ ಮನೆಯ ಗೇಟು ದಾಟುವುದರಲ್ಲಿತ್ತು. ರಸ್ತೆಯ ಹಂಪುಗಳಿಗೆ ಕಾರಿನ ಹೊಟ್ಟೆ ತಾಗುತ್ತದೆಂದು ಕಳೆದ ವಾರವಷ್ಟೇ ಎತ್ತರದ ಸ್ಪ್ರಿಂಗ್ ಹಾಕಿ, ಮುಂದಿನ ಚಕ್ರಗಳ ಕೋನವನ್ನೂ ತಿದ್ದಿದ್ದೆ. ಪಕ್ಕದ ಸೀಟಿನಲ್ಲಿ ಮಗಳು ಆಗಲೇ ಕೂತಿದ್ದಳು. ಅಮ್ಮ ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, "ನಿಧಾನಕ್ಕೆ ಬಿಡು," ಅಂದಳು. ಬಿಟ್ಟೆ. ಮೂರು ಹಣ್ಣು ಜಜ್ಜಿಹೋದವು. ಮುಂದಿನ ಎಡಚಕ್ರದ್ದು ಮಾತ್ರ ಪಕ್ಕಕ್ಕೆ ಜಾರಿತು.

"ಚಕ್ರ ಸೊಟ್ಟಗೆ ಹೋಗ್ತಿದೆ ಕಣೋ, ಇಳಿದು ನೋಡು," ಅಂದಳು ಅಮ್ಮ.

"ಹಣ್ಣು ಚಿಕ್ಕದಿತ್ತಮ್ಮ, ಅಷ್ಟೇ. ಅಳತೆ ಎಲ್ಲ ಸರಿಯಾಗೇ ಇದೆ."

ಅಮ್ಮ ಕಾರಿನ ಮುಂದೆಯೇ ನಿಂತುಬಿಟ್ಟಳು. "ನೀನು ನೋಡೋವರೆಗೂ ನಾನು ಜರುಗಲ್ಲ."

ಗೊಣಗುತ್ತಾ ಇಳಿದು ಬಗ್ಗಿ ನೋಡಿದೆ. ಆ ಚಕ್ರವನ್ನು ಸ್ಟೀರಿಂಗಿಗೆ ಸೇರಿಸುವ ರಾಡಿನ ನಟ್ಟು ಬೆರಳಿಗೇ ತಿರುಗಿತು. ಕೋನ ತಿದ್ದಿದವನು ಬಿಗಿ ಮಾಡುವುದನ್ನೇ ಮರೆತಿದ್ದೆ. ಮಗಳನ್ನು ಕೂರಿಸಿಕೊಂಡು ಜಯನಗರದವರೆಗೆ ಹೊರಟಿದ್ದೆನಲ್ಲ ಎಂದುಕೊಂಡು ಮೊದಲು ಅವಳನ್ನು ಕೆಳಗಿಳಿಸಿದೆ.

ಮಧ್ಯಾಹ್ನವೆಲ್ಲ ದಾರ ಕಟ್ಟಿ ಚಕ್ರಗಳು ನೇರವಾಗಿವೆಯೇ ಎಂದು ಮತ್ತೆ ಅಳೆದು, ಒಂದೊಂದು ನಟ್ಟನ್ನೂ ಎರಡೆರಡು ಸಲ ಬಿಗಿದೆ. ಸಂಜೆ ಮಗಳೊಂದಿಗೆ ಒಂದು ಸುತ್ತು ಹೋಗಿ ನೆಮ್ಮದಿಯಾಗಿ ವಾಪಸ್ಸು ಬಂದೆ. ಕಾರು ಎಲ್ಲೂ ವಾಲಲಿಲ್ಲ.

ಅಮ್ಮ ಕಾಫಿ ಕೊಡುತ್ತಾ ಕೇಳಿದಳು, "ಬ್ರೇಕೂ ನೀನೇ ಹಾಕಿದ್ದಾ?"