ಕಾಂಪೌಂಡರನ ರೆಸಿಪಿ

ಕಾಂಪೌಂಡರನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವವರು ಅವನನ್ನು ಸರಿಯಾಗಿ ನೋಡಿಲ್ಲ. ಅದು ಅಲ್ಲಿಂದ ಇಳಿದು, ಮೀಸೆ ದಾಟಿ, ಅಂಗಿಯ ಗುಂಡಿಗಳನ್ನೆಲ್ಲ ದಾಟಿ, ಕಾಲಿನ ಚಪ್ಪಲಿಯ ಸದ್ದಿನಲ್ಲೂ ಕೇಳಿಸುತ್ತಿತ್ತು. ಬೀದಿಯ ತಿರುವಿನಲ್ಲಿ ಆ ಸದ್ದು ಬಂದರೆ ಪಕ್ಕದ ಮನೆಯ ಹೊಲಿಗೆಯಾಕೆ ಮಿಷನ್ನು ನಿಲ್ಲಿಸಿ, "ಬಂತಪ್ಪ ಮಿಕ್ಸ್ಚರು" ಎನ್ನುತ್ತಿದ್ದಳು. ಇಷ್ಟು ಸಿಟ್ಟು ಹೊತ್ತುಕೊಂಡು ಒಬ್ಬ ಮನುಷ್ಯ ದಿನವೂ ಹೇಗೆ ನಿದ್ದೆ ಮಾಡುತ್ತಾನೆ ಎಂದು ಕೇಳಿದರೆ, ಗೊರಕೆ ಹೊಡೆದುಕೊಂಡೇ ಮಾಡುತ್ತಿದ್ದ. ನಿದ್ದೆ ಬಾರದೆ ಇರುತ್ತಿದ್ದವಳು ಪಕ್ಕದಲ್ಲಿ ಮಲಗಿದವಳು.

ಅವನ ಕೆಲಸವೆಂದರೆ ಡಾಕ್ಟರು ಬರೆದ ಚೀಟಿ ನೋಡಿ ಔಷಧಿ ಬೆರೆಸಿ ಕೊಡುವುದು. ಕ್ಲಿನಿಕ್ಕಿನ ಹಿಂದಿನ ಕೋಣೆ, ಕೈ ಹಿಡಿಸುವಷ್ಟೇ ಒಂದು ಕಿಟಕಿ, ಗೋಡೆಯುದ್ದಕ್ಕೂ ಕಂದು ಬಾಟಲಿಗಳು. ಗಾಜಿನ ಅಳತೆಯ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಅವನು ಸುರಿಯುವುದನ್ನು ನೋಡಿದರೆ ಉಸಿರು ಬಿಡಲೂ ಹೆದರಿಕೆಯಾಗಬೇಕು. ಬೆರೆಸಿದ ಮಿಕ್ಸ್ಚರಿನ ಬಾಟಲಿಗೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದ. ಅದರ ಅಂಚನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿರುತ್ತಿದ್ದ. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಒಂದು ಸಲದ ಔಷಧಿ. "ಚೆನ್ನಾಗಿ ಅಲ್ಲಾಡಿಸಿ ಕುಡೀಬೇಕು" ಎಂದು ರೋಗಿಗೆ ಬೈಯುವ ಹಾಗೆ ಹೇಳುತ್ತಿದ್ದ. ಕೆಲಸ ಕಲಿಸಿದ ಹಿರಿಯ ಕಾಂಪೌಂಡರು ಅವನಿಗೆ ಒಂದೇ ಒಂದು ಕಟ್ಟಳೆ ಹಾಕಿಕೊಟ್ಟಿದ್ದರು. ಬೆರೆಸಿದ್ದನ್ನು ಯಾವತ್ತೂ ನಾಲಿಗೆಗೆ ಹಚ್ಚಬೇಡ, ಹಚ್ಚಿದ ದಿನ ನೀನು ಕಾಂಪೌಂಡರಲ್ಲ, ನೀನೂ ಒಬ್ಬ ರೋಗಿ. ಈ ಮಾತನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಿದ್ದ.

ಆಮೇಲೆ ಕಂಪನಿಗಳು ಮಾತ್ರೆಗಳನ್ನು ಬೆಳ್ಳಿ ಹಾಳೆಯಲ್ಲಿ ಸಾಲಾಗಿ ಕೂರಿಸಿ ಕಳಿಸತೊಡಗಿದವು. ಬೆರೆಸುವವನ ಅಗತ್ಯ ಯಾರಿಗೂ ಇಲ್ಲವಾಯಿತು. ಕಿಟಕಿಗೆ ಹಲಗೆ ಬಡಿದು, ಇವನನ್ನು ಮಾತ್ರೆ ಎಣಿಸಿ ಕೊಡುವ ಕೌಂಟರಿಗೆ ತಂದು ನಿಲ್ಲಿಸಿದರು. ಕೈಯಲ್ಲಿದ್ದ ವಿದ್ಯೆಗೆ ಕಿಲುಬು ಹಿಡಿಯಿತು, ಆ ಕಿಲುಬೆಲ್ಲ ಮನೆಗೆ ಬಂತು. ಸಾರಿನ ಪಾತ್ರೆ ಯಾಕೆ ಇಲ್ಲಿದೆ, ಟವೆಲು ಯಾಕೆ ಹೀಗಿದೆ, ಮಗಳು ಯಾಕೆ ನಕ್ಕಳು. ಹೆಂಡತಿ ಉತ್ತರ ಕೊಡುತ್ತಿರಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು.

ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಒಂದು ಇಂಗ್ಲಿಷ್ ಮಾತಿನ ಮೇಲಿತ್ತು. ಟಿವಿಯಲ್ಲಿ ತುಟಿಗೆ ಬಣ್ಣ ಹಚ್ಚಿಕೊಂಡ ಅಡುಗೆಯಾಕೆ "ಇವತ್ತಿನ ರೆಸಿಪಿ" ಎಂದಳೋ, ಇವನ ಪಿತ್ತ ನೆತ್ತಿಗೇರುತ್ತಿತ್ತು.

"ರೆಸಿಪಿಯಂತೆ ರೆಸಿಪಿ! ಯಾರಪ್ಪನ ಮನೆ ಮಾತು ಅಂತ ಗೊತ್ತೇನು ಇವಳಿಗೆ? ಅದು ನಮ್ಮದು ಕಣೆ, ನಮ್ಮದು!"

ಹುರುಳಿಕಾಯಿ ಸೋಸುತ್ತ ಕೂತ ಹೆಂಡತಿ ತಲೆ ಎತ್ತುತ್ತಿರಲಿಲ್ಲ. ನೂರು ಸಲ ಕೇಳಿದ ಪಾಠ. ಅವನೋ ನೂರೊಂದನೆಯ ಸಲ ಶುರು ಮಾಡುತ್ತಿದ್ದ. ರೆಸಿಪಿ ಅನ್ನುವುದು ಲ್ಯಾಟಿನ್ ಭಾಷೆಯ ಮಾತು. 'ತೆಗೆದುಕೋ' ಅಂತ ಅಪ್ಪಣೆ. ಹಿಂದಿನ ಕಾಲದ ವೈದ್ಯರು ಚೀಟಿಯ ನೆತ್ತಿಯ ಮೇಲೆ ಮೊದಲು ಅದನ್ನು ಬರೆದು, ಕೆಳಗೆ ಇದಿಷ್ಟು, ಅದಿಷ್ಟು ಎಂದು ಪಟ್ಟಿ ಕೊಡುತ್ತಿದ್ದರು. ಇವತ್ತಿಗೂ ಡಾಕ್ಟರು ಚೀಟಿಯ ಮೇಲೆ ಆರ್ ಅಕ್ಷರ ಬರೆದು ಅದರ ಕಾಲಿಗೆ ಒಂದು ಗೀಟು ಎಳೆಯುತ್ತಾರಲ್ಲ, ಅದು ಅದೇ ಮಾತಿನ ಕುರುಹು. ಆ ಅಪ್ಪಣೆ ಯಾರಿಗೆ? ಬೆರೆಸುವವನಿಗೆ. ಇಂಗ್ಲಿಷಿನವರೂ ಬಹುಕಾಲ ಔಷಧಿಯ ಚೀಟಿಯನ್ನೇ ರೆಸಿಪಿ ಅಂದರು. ಅಡುಗೆ ಮಾಡುವ ಕ್ರಮಕ್ಕೆ ಅವರು ಹೆಚ್ಚಾಗಿ ರಿಸೀಟು ಅನ್ನುತ್ತಿದ್ದರು, ಅದೂ ಅದೇ ಬೇರಿನ ಮಾತೇ. ಆಮೇಲೆ ನಿಧಾನಕ್ಕೆ ಒಲೆಯ ಮುಂದಿನವರು ಕೈ ಚಾಚಿ ಇದನ್ನೂ ಎಳೆದುಕೊಂಡರು. ಔಷಧಿಯ ಚೀಟಿಗೆ ಬೇರೆ ಹೆಸರು ಬಂತು, ರೆಸಿಪಿ ಅಡುಗೆಮನೆಯಲ್ಲೇ ಉಳಿದುಹೋಯಿತು.

"ಕೆಲಸಾನೂ ಹೋಯ್ತು, ಮಾತೂ ಹೋಯ್ತು" ಎಂದು ಅವನು ಟಿವಿ ಆರಿಸುತ್ತಿದ್ದ. ಹೆಂಡತಿ ಅದನ್ನು ನೋಡುತ್ತಿದ್ದಳೋ ಇಲ್ಲವೋ ಎಂದು ಕೇಳಿದ್ದೇ ಇಲ್ಲ.

ಹೀಗಿರುವಾಗ ಹೆಂಡತಿ ಹಾಸಿಗೆ ಹಿಡಿದಳು. ಹೊಟ್ಟೆಯ ಕಾಯಿಲೆ, ಆಪರೇಷನ್ನು, ಆಸ್ಪತ್ರೆಯಲ್ಲಿ ಮೂಗಿನೊಳಗೆ ನಳಿಗೆ ಇಳಿಸಿ ಅದರಲ್ಲೇ ಊಟ. ಕಾಯಿಲೆ ವಾಸಿಯಾಗಿ ಮನೆಗೆ ಬಂದಳು, ಆದರೆ ಹಸಿವು ಮಾತ್ರ ಅವಳ ಜೊತೆ ಬರಲಿಲ್ಲ. ಎರಡು ಚಮಚ ಬಾಯಿಗಿಟ್ಟು ಮುಖ ತಿರುಗಿಸುವಳು. ಡಾಕ್ಟರು ಖಂಡಿತವಾಗಿ ಹೇಳಿದರು, "ತೂಕ ಹೀಗೇ ಇಳೀತಾ ಹೋದ್ರೆ ಮತ್ತೆ ಸೇರಿಸಿ ನಳಿಗೆ ಹಾಕಲೇಬೇಕಾಗುತ್ತೆ. ಬಾಯಲ್ಲಿ ತಿನ್ನಿಸಿ, ಹೇಗಾದ್ರೂ."

ಮನೆಗೆ ಬಂದು ಅವಳು ಹೇಳಿದ್ದು ಒಂದೇ. "ಆ ನಳಿಗೆ ಇನ್ನೊಂದು ಸಲ ಹಾಕಿಸ್ಕೊಳ್ಳಲ್ಲ. ಸತ್ರೂ ಪರವಾಗಿಲ್ಲ."

ಕಾಂಪೌಂಡರನ ಕೈಕಾಲು ತಣ್ಣಗಾದವು. ಹೆದರಿಕೆಯೆಂದು ಅದನ್ನು ಒಪ್ಪಿಕೊಳ್ಳುವ ಅಭ್ಯಾಸ ಅವನಿಗಿಲ್ಲ. ಆದ್ದರಿಂದ ಸಿಟ್ಟಾದ. ಮೊದಲು ಸಿಕ್ಕವಳು ಮಗಳು. ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಜನಕ್ಕೆ ಕಾರು ಕಲಿಸುವವಳು. ಬೇರೆ ಮನೆ ಮಾಡಿಕೊಂಡಿದ್ದರೂ ಬೆಳಗ್ಗೆ ಬಂದು ಅಮ್ಮನಿಗೆ ಅಡುಗೆ ಮಾಡಿಟ್ಟು ಕೆಲಸಕ್ಕೆ ಓಡುತ್ತಿದ್ದಳು. ಅವಳು ಅಳತೆಯಿಲ್ಲದೆ ಕೈಯಲ್ಲಿ ಉಪ್ಪು ಹಾಕಿದ್ದನ್ನು ಕಂಡದ್ದೇ ತಡ, ಇವನು ಗಂಟಲು ಹರಿಯುವ ಹಾಗೆ ಕೂಗಿದ.

"ರೋಗಿಗೆ ಹೀಗಾ ಕೊಡೋದು? ಸರಿ ಆಚೆ! ಇನ್ಮೇಲೆ ನಾನೇ ಮಾಡ್ತೀನಿ."

"ನೀವಾ? ಒಲೆ ಹಚ್ಚೋಕೆ ಬರುತ್ತೇನಪ್ಪ?" ಎಂದು ಮಗಳು ಸೌಟು ಕುಕ್ಕಿ ಹೋದಳು. ಅಪ್ಪನ ಮಗಳೇ.

ಬಾಯಿ ಬಿಟ್ಟು ಆಡಿಯಾಗಿತ್ತು, ಹಿಂದೆ ಸರಿಯುವಂತಿಲ್ಲ. ರೋಗಿಗೆ ಏನು ಮಾಡಿಕೊಡಬಹುದೆಂದು ಅವನು ಬೇಲಿಯ ಬಳಿ ನಿಂತು ಹೊಲಿಗೆಯಾಕೆಯನ್ನು ಕೇಳಿದ. ಕೇಳುವುದು ಅವನಿಗೆ ಬಾರದ ಕಲೆ. ಜಗಳಕ್ಕೆ ಬಂದ ಹಾಗಿತ್ತು. ಆಕೆ ಬಟ್ಟೆಯ ಅಳತೆ ಬರೆಯುವ ಚೀಟಿಯ ಹಿಂದೆ ತರಕಾರಿ ಸೂಪು ಮಾಡುವ ಬಗೆಯನ್ನು ಗೀಚಿ ಕೊಟ್ಟಳು. ಕ್ಯಾರೆಟ್ಟು, ಆಲೂಗಡ್ಡೆ, ಈರುಳ್ಳಿ, ಎಂಟ್ಹತ್ತು ಎಸಳು ಬೆಳ್ಳುಳ್ಳಿ, ಮೆಣಸು. ಕೊನೆಗೆ, ರುಚಿಗೆ ತಕ್ಕಷ್ಟು ಉಪ್ಪು.

"ತಕ್ಕಷ್ಟು ಅಂದ್ರೆ ಎಷ್ಟಮ್ಮ?"

"ತಕ್ಕಷ್ಟು ಅಂದ್ರೆ ತಕ್ಕಷ್ಟೇ ಅಣ್ಣ. ಹಾಕಿ, ರುಚಿ ನೋಡಿ, ಸಾಲ್ದಿದ್ರೆ ಇನ್ನೊಂಚೂರು."

ಇದೂ ಒಂದು ಬರವಣಿಗೆಯೇ ಎಂದು ಅವನು ಹಲ್ಲು ಕಡಿದ. ಔಷಧಿಯ ಚೀಟಿಯಲ್ಲೂ 'ಸಾಕಾಗುವಷ್ಟು ನೀರು' ಎಂದು ಇರುತ್ತದೆ, ಸುಳ್ಳಲ್ಲ. ಆದರೆ ಅಲ್ಲಿ ಬಾಟಲಿಗೆ ಗೆರೆ ಇದೆ. ಗೆರೆ ಮುಟ್ಟಿದರೆ ಸಾಕಾಯಿತು ಅಂತಲೇ. ರುಚಿಗೆ ಎಲ್ಲಿ ಗೆರೆ? ಯಾರ ರುಚಿ? ಆ ಪ್ರಶ್ನೆಯ ಹತ್ತಿರ ಬಂದಿದ್ದವನು ಅಲ್ಲೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಹಳೆಯ ತಕ್ಕಡಿ ತೆಗೆದು, ಒರೆಸಿ, ಉಪ್ಪು ತೂಗಿದ.

ಅವನು ಮಾಡಿದ ಸೂಪು ಎಂಥದೆಂದು ಹೇಳಲು ನನಗೇ ಸಂಕಟವಾಗುತ್ತದೆ. ಬೆಳ್ಳುಳ್ಳಿಯನ್ನು ಬಿಟ್ಟೇಬಿಟ್ಟ, ಅದರ ವಾಸನೆ ಅವನಿಗೆ ಆಗದು. ದಿನವಿಡೀ ಔಷಧಿಯ ಘಾಟು ಕುಡಿದು ಬಂದವನಿಗೆ ಮನೆಯಲ್ಲಿ ಇನ್ನೊಂದು ಘಾಟು ಬೇಡವೆಂದು ಮದುವೆಯಾದ ಹೊಸದರಲ್ಲೇ ಅದಕ್ಕೆ ಬಾಗಿಲು ಮುಚ್ಚಿಸಿದ್ದ. ತರಕಾರಿಯನ್ನು ಬೇಯಿಸಿ, ಅರೆದು, ತಳದಲ್ಲಿ ಗಸಿ ನಿಲ್ಲಬಾರದೆಂದು ಬಟ್ಟೆಯಲ್ಲಿ ಮತ್ತೆ ಮತ್ತೆ ಸೋಸಿದ. ಉಳಿದದ್ದು ಬಣ್ಣದ ನೀರು. ಕಹಿ ಮಿಕ್ಸ್ಚರಿಗೆ ಸಕ್ಕರೆ ಪಾಕ ಬಿಟ್ಟರೆ ರೋಗಿ ತಕರಾರಿಲ್ಲದೆ ಕುಡಿಯುತ್ತಾನೆಂಬುದು ಅವನ ಅನುಭವ. ಇದಕ್ಕೂ ಬಿಟ್ಟ. ಒಂದು ತೊಟ್ಟೂ ನಾಲಿಗೆಗೆ ಹಚ್ಚಲಿಲ್ಲ. ತೊಳೆದ ಗಾಜಿನ ಬಾಟಲಿಗೆ ತುಂಬಿಸಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದ ಅಂಟಿಸಿ, ಹಾಸಿಗೆಯ ಪಕ್ಕದಲ್ಲಿಟ್ಟ.

"ಹೊತ್ತು ಹೊತ್ತಿಗೆ ಒಂದು ಗೆರೆ. ಅಲ್ಲಾಡಿಸಿ ಕುಡಿ."

ಅವಳು ಬಾಟಲಿಯನ್ನು ನೋಡಿದಳು, ಅವನನ್ನು ನೋಡಿದಳು. ಕುಡಿದಳು. ಅಷ್ಟು ವರ್ಷ ಅವನು ಹೇಳಿದ್ದನ್ನೆಲ್ಲ ನುಂಗಿದ ಗಂಟಲು ಅದು, ಅಭ್ಯಾಸ. ಎರಡನೆಯ ಗೆರೆಯ ಹೊತ್ತಿಗೆ ವಾಂತಿ ಮಾಡಿಕೊಂಡಳು. ಅವನು ನೆಲ ಒರೆಸಿದ, ಸಿಟ್ಟಿನಿಂದ. ಇನ್ನೊಂದು ಬಾಟಲಿ ಮಾಡಿದ, ಸಿಟ್ಟಿನಿಂದ. ಪಾಕ ಇನ್ನಷ್ಟು ಬಿಟ್ಟ. ದಿನಗಳು ಹೀಗೇ ಹೋದವು. ಕ್ಲಿನಿಕ್ಕಿನ ತೂಕದ ಯಂತ್ರದ ಮೇಲೆ ಅವಳು ನಿಂತಾಗ ಮುಳ್ಳು ಇನ್ನೂ ಹಿಂದಕ್ಕೆ ಹೋಗಿತ್ತು. ಡಾಕ್ಟರು ಕನ್ನಡಕ ತೆಗೆದು, "ಸೋಮವಾರ ಸೇರಿಸಿಬಿಡಿ" ಎಂದರು.

ಅವಳನ್ನು ಮನೆಯಲ್ಲಿ ಮಲಗಿಸಿ ಅವನು ನೇರ ಹೊಲಿಗೆಯಾಕೆಯ ಬಾಗಿಲಿಗೆ ಹೋದ. ಕೈಯಲ್ಲಿ ಚೀಟಿ, ಇನ್ನೊಂದು ಕೈಯಲ್ಲಿ ಬಾಟಲಿ.

"ಏನಮ್ಮ ಬರೆದು ಕೊಟ್ಟಿದೀಯ? ಇದನ್ನ ಕುಡಿದು ಕುಡಿದು ಅವಳು ಕಡ್ಡಿಯಾಗಿದಾಳೆ! ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ಬೇಕಿತ್ತು!"

ಹೊಲಿಗೆಯಾಕೆ ಅವನ ಹೆಂಡತಿಯಲ್ಲ, ಸುಮ್ಮನಿರಲು. ಕತ್ತರಿಯನ್ನು ಮೇಜಿನ ಮೇಲೆ ಟಪ್ಪನೆ ಇಟ್ಟು ಎದ್ದಳು. ಬಾಟಲಿ ಕಿತ್ತುಕೊಂಡು ಅಂಗೈಗೆ ಸುರಿದು ನೆಕ್ಕಿದಳು. ಅವನು "ಅಯ್ಯೋ" ಎನ್ನುವಷ್ಟರಲ್ಲಿ ಅಂಗಳಕ್ಕೆ ಉಗಿದಾಗಿತ್ತು.

"ಥೂ! ಏನಣ್ಣ ಇದು? ಸೂಪಿಗೆ ಸಕ್ಕರೆ? ನೀವು ಬಾಯಿಗೆ ಹಾಕಿ ನೋಡಿದ್ರಾ?"

"ನಾನ್ಯಾಕೆ ನೋಡ್ಲಿ?"

"ಬೆಳ್ಳುಳ್ಳಿ ಎಲ್ಲಿ?"

"ನಮ್ಮನೇಲಿ ಬೆಳ್ಳುಳ್ಳಿ ತಿನ್ನಲ್ಲ."

"ಯಾರು ತಿನ್ನಲ್ಲ? ಅತ್ತಿಗೆ ತಿನ್ನಲ್ವಾ?" ಆಕೆ ಸೊಂಟಕ್ಕೆ ಕೈಯಿಟ್ಟಳು. "ಮಧ್ಯಾಹ್ನ ನೀವು ಅತ್ತ ಹೋದ್ರೆ ಅತ್ತಿಗೆ ಇತ್ತ ಬರ್ತಿದ್ರು. ಬೆಳ್ಳುಳ್ಳಿ ಹುರಿದು ರೊಟ್ಟಿಗೆ ಸವರಿ ಕೊಡ್ತಿದ್ದೆ. ತಿಂದಾದ್ಮೇಲೆ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ನಿಮ್ಮ ಚಪ್ಪಲಿ ಸದ್ದು ಬರೋದ್ರೊಳಗೆ ಓಡೋರು. ಇಷ್ಟು ವರ್ಷದಿಂದ! ಅವರಿಗೆ ಏನಿಷ್ಟ ಅಂತ ಬೀದಿಗೆಲ್ಲ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ!"

ಆ ಬಿಸಿಲಿನಲ್ಲಿ ಕಾಂಪೌಂಡರನ ಮುಖ ಕೆಂಡವಾಯಿತು. ನೆರೆಯವಳ ಎದುರು ಮಾನ ಹೋಯಿತೆಂಬುದೇ ಅವನಿಗೆ ಮೊದಲು ಹೊಳೆದದ್ದು. ದಾಪುಗಾಲು ಹಾಕಿ ಮನೆಗೆ ಬಂದು ಹಾಸಿಗೆಯ ಮುಂದೆ ನಿಂತ.

"ಕದ್ದು ತಿಂತಿದ್ದೆಯಾ? ಕಂಡವರ ಮನೇಲಿ? ನಾನೇನು ಹೊಟ್ಟೆಗೆ ಹಾಕ್ತಿರಲಿಲ್ವಾ?"

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ತಿರುಗಿದಳು. ಮೂಳೆ ಎದ್ದ ಆ ಮುಖದಲ್ಲಿ ಕಣ್ಣುಗಳು ಉರಿಯುತ್ತಿದ್ದವು. ಅವಳಿಗೂ ಸಿಟ್ಟು ಬರುತ್ತದೆಂದು ಅವನು ಆವತ್ತೇ ನೋಡಿದ್ದು.

"ಹೌದು, ಕದ್ದೆ. ನನ್ನ ಅಡುಗೆಮನೇಲಿ ನನಗೆ ಬೇಕಾದ್ದನ್ನ ಮಾಡ್ಕೊಳ್ಳೋಕೆ ಆಗದೆ ಕದ್ದೆ. ನಿಮ್ಮ ರುಚಿಗೆ ಉಪ್ಪು, ನಿಮ್ಮ ರುಚಿಗೆ ಖಾರ, ನಿಮ್ಮ ಮೂಗಿಗೆ ಬೇಡ ಅಂದಿದ್ದು ಇಡೀ ಮನೆಗೆ ಬೇಡ. ಈಗ ಸಾಯೋ ಹೊತ್ತಲ್ಲಿ ಬಾಟ್ಲೀಲಿ ಸಕ್ಕರೆ ನೀರು! ನನ್ನೇನು ಕಾಯಿಲೆ ಅಂದ್ಕೊಂಡ್ರಾ ನೀವು? ನಾನು ಮನುಷ್ಯಳು ಕಣ್ರೀ!"

ಮಾತು ಮುಗಿಯುವ ಮೊದಲೇ ಅವಳು ಕಾಲು ಕೆಳಗಿಟ್ಟಿದ್ದಳು. ಅವನು ಹಿಡಿಯಲು ಹೋದ. "ಮುಟ್ಟಬೇಡಿ" ಎಂದಳು. ಗೋಡೆ ಹಿಡಿದು, ಬಾಗಿಲು ಹಿಡಿದು, ನಿಂತು, ಏದುಸಿರು ಬಿಟ್ಟು ಅಡುಗೆಮನೆಗೆ ನಡೆದಳು. ಕಿಟಕಿಯಿಂದ ಹೊಲಿಗೆಯಾಕೆಯನ್ನು ಕೂಗಿ ಬೆಳ್ಳುಳ್ಳಿ ತರಿಸಿದಳು, ಒಂದು ಗಡ್ಡೆಯಲ್ಲ, ಬೊಗಸೆ ತುಂಬ. ಸ್ಟೂಲಿನ ಮೇಲೆ ಕೂತೇ ಜಜ್ಜಿದಳು. ಎಣ್ಣೆಗೆ ಬಿದ್ದ ಬೆಳ್ಳುಳ್ಳಿಯ ಘಮ ಮನೆಯ ಪರದೆ, ಹಾಸಿಗೆ, ಅವನ ಅಂಗಿ ಯಾವುದನ್ನೂ ಬಿಡಲಿಲ್ಲ. ಆಲೂಗಡ್ಡೆ ಹೋಳು ಹೋಳಾಗಿಯೇ ಬೆಂದಿತು. ಮೆಣಸು ಕುಟ್ಟಿ ಸುರಿದಳು. ಉಪ್ಪು ಹಾಕಿ, ಸೌಟಿನಿಂದ ಅಂಗೈಗೆ ಬಿಟ್ಟು ನೆಕ್ಕಿ, ಇನ್ನೊಂದು ಚಿಟಿಕೆ ಹಾಕಿದಳು.

ಬಟ್ಟಲಿಗೆ ಹಾಕಿಕೊಂಡು ಉಣ್ಣತೊಡಗಿದಳು. ಬಿಸಿಗೂ ಕಾಯಲಿಲ್ಲ. ಮೂಗು ಸುರಿಯುತ್ತಿತ್ತು, ಕಣ್ಣು ಸುರಿಯುತ್ತಿತ್ತು, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಚಮಚ ಎತ್ತಿದಳು. ಅವನು ಬಾಗಿಲಲ್ಲಿ ನಿಂತು ಅವಳ ಗಂಟಲನ್ನೇ ನೋಡುತ್ತಿದ್ದ. ಪ್ರತಿ ಗುಟುಕೂ ಕೆಳಗಿಳಿಯಿತು. ಯಾವುದೂ ಹಿಂದಕ್ಕೆ ಬರಲಿಲ್ಲ.

"ಒಂದು ಮಾತು ನನಗೆ ಹೇಳಬಾರದಾಗಿತ್ತಾ?" ಎಂದ. ಸಿಟ್ಟಿನಿಂದಲೇ ಶುರು ಮಾಡಿದ್ದ, ಮಾತು ಮುಗಿಯುವಾಗ ಸಿಟ್ಟು ಉಳಿದಿರಲಿಲ್ಲ.

"ಹೇಳಿದ್ದೆ. ಮದುವೆಯಾದ ಹೊಸದರಲ್ಲಿ." ಅವಳು ತಲೆ ಎತ್ತಲಿಲ್ಲ. "ನನಗಿಷ್ಟ, ಸ್ವಲ್ಪ ಹಾಕ್ಲಾ ಅಂದೆ. ತಟ್ಟೆ ತೆಗೆದು ಗೋಡೆಗೆ ಎಸೆದ್ರಿ. ಆ ಗೋಡೆ ನಾನೇ ಒರೆಸಿದೆ."

ಅವನು ನೆನಪು ಮಾಡಿಕೊಳ್ಳಲು ನೋಡಿದ. ಎಂದೋ ಸತ್ತ ಯಾವುದೋ ರೋಗಿಯ ಕೆಮ್ಮಿನ ಔಷಧಿಗೆ ಏನೇನು ಎಷ್ಟೆಷ್ಟು ಹಾಕಿದ್ದೆನೆಂದು ಈಗಲೂ ಒಪ್ಪಿಸಬಲ್ಲ. ಗೋಡೆ ನೆನಪಾಗಲಿಲ್ಲ. ತಟ್ಟೆ ನೆನಪಾಗಲಿಲ್ಲ.

ಅವಳು ಖಾಲಿ ಬಟ್ಟಲನ್ನು ಅವನತ್ತ ಚಾಚಿದಳು.

"ನೋಡ್ತಾ ನಿಲ್ಲಬೇಡಿ. ಇನ್ನಷ್ಟು ಹಾಕಿ."

ಅವನು ಹಾಕಿದ.